ತಾಯಿಯ ಕಥೆ ಕೇಳಿದ ಮಗಳು
(ಸ್ಕಾಟ್ಲೆಂಡಿನ ಸಂತ ಮಾರ್ಗರೇಟ್)

ಇಂಗ್ಲೆಂಡಿನ ರಾಣಿ ಮಟಿಲ್ಡಾಳಿಗೆ ಅರಮನೆ, ಆಳುಕಾಳು, ಒಡವೆ ವಸ್ತ್ರ ಯಾವುದಕ್ಕೂ ಕೊರತೆಯಿರಲಿಲ್ಲ. ಆದರೆ ಹೆತ್ತ ತಾಯಿಯ ಮುಖವೇ ಆಕೆಯ ನೆನಪಿನಲ್ಲಿ ಮಸುಕಾಗಿತ್ತು. ಎಡಿತ್ ಎಂಬುದು ಆಕೆಯ ಬಾಲ್ಯದ ಹೆಸರು. ಸುಮಾರು ಆರನೆಯ ವಯಸ್ಸಿನಲ್ಲಿ ಸ್ಕಾಟ್ಲೆಂಡಿನ ಮನೆ ಬಿಟ್ಟು, ತಾಯಿಯ ಸಹೋದರಿ ಕ್ರಿಸ್ಟಿನಾ ಇದ್ದ ಇಂಗ್ಲೆಂಡಿನ ರಾಮ್ಸಿ ಕನ್ಯಾಮಠಕ್ಕೆ ಓದಲು ಹೋದವಳು. ಆಕೆ ಇನ್ನೂ ಎಳೆಯವಳಿರುವಾಗಲೇ ತಾಯಿ ತೀರಿಕೊಂಡಳು. ಮುಂದೆ 1100ರಲ್ಲಿ ರಾಜ ಒಂದನೆಯ ಹೆನ್ರಿಯನ್ನು ಮದುವೆಯಾಗಿ ಸಿಂಹಾಸನವೇರಿದ ಮೇಲೆ, ಕೆಲವೇ ವರ್ಷಗಳಲ್ಲಿ ಆಕೆ ತನ್ನ ತಾಯಿಯನ್ನು ಹತ್ತಿರದಿಂದ ಬಲ್ಲ ಟರ್ಗಾಟ್ ಎಂಬ ಗುರುಗಳಿಗೆ ಒಂದು ಕೋರಿಕೆ ಕಳುಹಿಸಿದಳು. ನನ್ನ ತಾಯಿ ಹೇಗಿದ್ದಳು, ಹೇಗೆ ಬಾಳಿದಳು ಎಂಬುದನ್ನು ಬರೆದುಕೊಡಿ ಎಂಬುದೇ ಆ ಕೋರಿಕೆ.

ಆ ತಾಯಿಯೇ ಸ್ಕಾಟ್ಲೆಂಡಿನ ಸಂತ ಮಾರ್ಗರೇಟ್.

ಮಾರ್ಗರೇಟಳ ಅಜ್ಜ ಎಡ್ಮಂಡ್ 1016ರಲ್ಲಿ ಕೆಲವೇ ತಿಂಗಳು ಇಂಗ್ಲೆಂಡನ್ನು ಆಳಿ ಮಡಿದವನು. ಆಮೇಲೆ ಪಟ್ಟಕ್ಕೆ ಬಂದ ಡೇನ್ ಅರಸ ಕೆನ್ಯೂಟ್ ಆತನ ಹಸುಗೂಸುಗಳನ್ನು ದೇಶದಿಂದಾಚೆ ಸಾಗಹಾಕಿದ. ಅವರಲ್ಲೊಬ್ಬನಾದ ಎಡ್ವರ್ಡ್ ಪರದೇಶಿಯಾಗಿ ಬೆಳೆದು ಹಂಗೆರಿಯನ್ನು ಸೇರಿದ. ಸುಮಾರು 1045ರಲ್ಲಿ ಮಾರ್ಗರೇಟ್ ಹುಟ್ಟಿದ್ದು ಅಲ್ಲಿ. ಆಕೆಯ ತಾಯಿ ಅಗತಾ. ಈ ಅಗತಾಳ ತವರು ಯಾವುದು ಎಂಬ ಬಗ್ಗೆ ಪಂಡಿತರಲ್ಲಿ ಇಂದಿಗೂ ಒಮ್ಮತವಿಲ್ಲ. ಜರ್ಮನ್ ರಾಜಮನೆತನ ಎನ್ನುವವರಿದ್ದಾರೆ, ಕೀವ್ ಎನ್ನುವವರಿದ್ದಾರೆ, ಹಂಗೆರಿ ಎನ್ನುವವರೂ ಇದ್ದಾರೆ. ತಂದೆಯ ಕಡೆಯ ಅಜ್ಜ, ಮುತ್ತಜ್ಜರ ಹೆಸರುಗಳೆಲ್ಲ ಅಚ್ಚುಕಟ್ಟಾಗಿ ಉಳಿದಿವೆ. ಅಳಿಸಿಹೋದದ್ದು ತಾಯಿಯ ತವರು ಮಾತ್ರ. ವಂಶಾವಳಿಗಳಲ್ಲಿ ಇದು ಹೊಸತಲ್ಲ ಬಿಡಿ. ನಮ್ಮ ಮನೆಗಳಲ್ಲೂ ಅಜ್ಜಿಯ ತಾಯಿಯ ಹೆಸರು ಎಷ್ಟು ಜನರಿಗೆ ಗೊತ್ತು?

1057ರಲ್ಲಿ ಎಡ್ವರ್ಡ್ ಹೆಂಡತಿ ಮಕ್ಕಳೊಡನೆ ಇಂಗ್ಲೆಂಡಿಗೆ ಮರಳಿದ; ಸ್ವಲ್ಪ ದಿನಗಳಲ್ಲೇ ತೀರಿಕೊಂಡ. 1066ರಲ್ಲಿ ನಾರ್ಮನ್ನರು ದೇಶವನ್ನು ಗೆದ್ದ ಮೇಲೆ ಆ ಕುಟುಂಬಕ್ಕೆ ಅಲ್ಲಿಯೂ ನೆಲೆಯಿಲ್ಲವಾಯಿತು. ವಿಧವೆ ತಾಯಿ, ತಮ್ಮ ಎಡ್ಗರ್ ಮತ್ತು ಸಹೋದರಿಯೊಡನೆ ಮಾರ್ಗರೇಟ್ 1068ರಲ್ಲಿ ಸ್ಕಾಟ್ಲೆಂಡಿನ ರಾಜ ಮೂರನೆಯ ಮಾಲ್ಕಮನ ಆಶ್ರಯಕ್ಕೆ ಬಂದಳು. ಸುಮಾರು 1070ರಲ್ಲಿ ಆತನ ಕೈಹಿಡಿದಳು. ಅವರಿಗೆ ಆರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು.

ಮಾಲ್ಕಮ್ ಯುದ್ಧದಲ್ಲಿ ಪಳಗಿದವನು, ಓದುಬರಹ ಬಾರದವನು. ಆದರೂ ಹೆಂಡತಿ ಓದುವ ಪ್ರಾರ್ಥನಾ ಪುಸ್ತಕಗಳನ್ನು ಕೈಗೆತ್ತಿಕೊಂಡು ಮುತ್ತಿಡುತ್ತಿದ್ದನಂತೆ. ಆಕೆಗೆ ಪ್ರಿಯವಾದ ಪುಸ್ತಕಕ್ಕೆ ಅಕ್ಕಸಾಲಿಗನನ್ನು ಕರೆಸಿ ಚಿನ್ನದ ಕೆಲಸ ಮಾಡಿಸಿ ತಂದುಕೊಡುತ್ತಿದ್ದ. ಬಡವರಿಗೆ ಕೊಡಲು ತನ್ನಲ್ಲಿ ಹಣ ಮುಗಿದಾಗ ಆಕೆ ಗಂಡನ ಚಿನ್ನದ ನಾಣ್ಯಗಳಿಗೇ ಕೈಹಾಕುತ್ತಿದ್ದಳು. ಗೊತ್ತಿದ್ದೂ ಗೊತ್ತಿಲ್ಲದಂತೆ ಇರುತ್ತಿದ್ದ ಅರಸ, ಒಮ್ಮೊಮ್ಮೆ ನಾಣ್ಯ ಹಿಡಿದ ಕೈಯನ್ನು ಗಪ್ಪನೆ ಹಿಡಿದು ಕಳ್ಳಿಯೆಂದು ಗೇಲಿಮಾಡುತ್ತಿದ್ದನಂತೆ! ಟರ್ಗಾಟ್ ಗುರುಗಳ ಬರಹದಲ್ಲಿ ಹೊಗಳಿಕೆ ಧಾರಾಳವಾಗಿದೆ ನಿಜ. ಆದರೆ ಇಂತಹ ಮನೆಮಾತುಗಳನ್ನು ಓದುವಾಗ ನಿಜವಾದ ಗಂಡಹೆಂಡಿರೇ ಕಣ್ಮುಂದೆ ಬರುತ್ತಾರೆ. ಮಗಳಿಗೆ ಬೇಕಾಗಿದ್ದುದೂ ಬಹುಶಃ ಇದೇ.

ಆಗಮನ ಕಾಲ ಮತ್ತು ತಪಸ್ಸು ಕಾಲಗಳಲ್ಲಿ ಒಂಬತ್ತು ಅನಾಥ ಕೂಸುಗಳನ್ನು ಬೆಳಿಗ್ಗೆ ತನ್ನ ಬಳಿಗೆ ಕರೆಸಿಕೊಂಡು, ತನ್ನ ಚಮಚದಿಂದಲೇ ಮೆತ್ತನೆಯ ಆಹಾರ ತಿನ್ನಿಸುತ್ತಿದ್ದಳು. ಮುನ್ನೂರು ಬಡವರನ್ನು ಅರಮನೆಯಲ್ಲಿ ಕೂರಿಸಿ, ಗಂಡಹೆಂಡಿರಿಬ್ಬರೂ ನಿಂತು ಬಡಿಸುತ್ತಿದ್ದರು. ಸಂತ ಅಂದ್ರೆಯರ ಕ್ಷೇತ್ರಕ್ಕೆ ಹೋಗುವ ಯಾತ್ರಿಕರಿಗಾಗಿ ಫೋರ್ತ್ ಕಡಲತೋಳಿನ ಎರಡೂ ದಡದಲ್ಲಿ ತಂಗುಮನೆ ಕಟ್ಟಿಸಿ, ದಾಟಲು ದೋಣಿಗಳನ್ನು ಒದಗಿಸಿದಳು. ಆ ಊರಿಗೆ ಕ್ವೀನ್ಸ್‌ಫೆರಿ, ಅಂದರೆ ರಾಣಿಯ ಕಡವು ಎಂಬ ಹೆಸರು ಇಂದಿಗೂ ಇದೆ. ಮಕ್ಕಳ ವಿಷಯದಲ್ಲಿ ಮಾತ್ರ ಆಕೆ ಬಿಗಿ. ತಪ್ಪು ಮಾಡಿದರೆ ರಾಜಕುಮಾರರೆಂದು ನೋಡದೆ ಬೆತ್ತದ ರುಚಿ ತೋರಿಸಿ ಎಂದು ಶಿಕ್ಷಕರಿಗೆ ಅಪ್ಪಣೆಯಾಗಿತ್ತು.

1093ರ ನವೆಂಬರ್ 13ರಂದು ಆನಿಕ್ ಎಂಬಲ್ಲಿ ಮಾಲ್ಕಮ್ ಕೊಲ್ಲಲ್ಪಟ್ಟ. ಹಿರಿಯ ಮಗ ಎಡ್ವರ್ಡನೂ ಆ ದಂಡಯಾತ್ರೆಯಲ್ಲೇ ಹೋದ. ಮಾರ್ಗರೇಟ್ ಆಗ ಎಡಿನ್‌ಬರೋದಲ್ಲಿ ಮರಣಶಯ್ಯೆಯಲ್ಲಿದ್ದಳು. ಸುದ್ದಿ ಹೊತ್ತು ಬಂದ ಮಗ ಎಡ್ಗರ್ ತಾಯಿಯ ಸ್ಥಿತಿ ಕಂಡು ಎಲ್ಲರೂ ಕ್ಷೇಮ ಎಂದುಬಿಟ್ಟ. ಆಕೆ ಕೈಯಲ್ಲಿದ್ದ ಶಿಲುಬೆಯ ಮೇಲೆ ಆಣೆಯಿಟ್ಟು ನಿಜ ಕೇಳಿದಳು, ಅವನು ಹೇಳಬೇಕಾಯಿತು. ಆಕೆ ದೇವರನ್ನು ದೂರಲಿಲ್ಲ. ಸ್ತುತಿಸುತ್ತಲೇ ನವೆಂಬರ್ 16ರಂದು ಕಣ್ಣುಮುಚ್ಚಿದಳು. ಟರ್ಗಾಟ್ ಅಲ್ಲಿರಲಿಲ್ಲ. ಹಾಸಿಗೆಯ ಬಳಿಯಲ್ಲಿದ್ದ ಗುರುಗಳೊಬ್ಬರಿಂದ ಕೇಳಿ ತಿಳಿದು ಮಗಳಿಗಾಗಿ ಬರೆದಿಟ್ಟರು.

ಗಂಡುಮಕ್ಕಳಲ್ಲಿ ಎಡ್ಗರ್, ಅಲೆಕ್ಸಾಂಡರ್, ಡೇವಿಡ್ ಒಬ್ಬರಾದ ಮೇಲೊಬ್ಬರು ಸ್ಕಾಟ್ಲೆಂಡನ್ನು ಆಳಿದರು. ಮಟಿಲ್ಡಾಳ ಮೊಮ್ಮಗ ಎರಡನೆಯ ಹೆನ್ರಿ 1154ರಲ್ಲಿ ಇಂಗ್ಲೆಂಡಿನ ರಾಜನಾದ. ಇಂದಿನ ಬ್ರಿಟಿಷ್ ರಾಜಮನೆತನದವರೂ ಈ ಎಳೆಯಿಂದಲೇ ಮಾರ್ಗರೇಟಳನ್ನು ತಲುಪುತ್ತಾರೆ. 1250ರಲ್ಲಿ ನಾಲ್ಕನೆಯ ಇನ್ನೊಸೆಂಟ್ ಜಗದ್ಗುರುಗಳ ಕಾಲದಲ್ಲಿ ಆಕೆಗೆ ಸಂತ ಪದವಿ ದೊರೆಯಿತು.

ಮಗಳ ಕೋರಿಕೆಯಿಂದ ಮತ್ತೊಂದು ಉಪಕಾರವೂ ಆಯಿತು. ಮಾರ್ಗರೇಟಳ ಶುಭಸಂದೇಶದ ಪುಸ್ತಕವೊಂದು ನದಿಗೆ ಬಿದ್ದು, ಹೆಚ್ಚು ಕೆಡದೆ ಮತ್ತೆ ಸಿಕ್ಕ ಪ್ರಸಂಗವನ್ನು ಟರ್ಗಾಟ್ ಬರೆದಿದ್ದರು. 1887ರಲ್ಲಿ ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯ ಆರು ಪೌಂಡ್ ಕೊಟ್ಟು ಒಂದು ಹಳೆಯ ಹಸ್ತಪ್ರತಿ ಕೊಂಡಿತು. ಅದರ ಹಾಳೆಯೊಂದರಲ್ಲಿ, ನೀರಿಗೆ ಬಿದ್ದೂ ಉಳಿದ ಪುಸ್ತಕದ ಬಗ್ಗೆ ಲತೀನ್ ಪದ್ಯವಿತ್ತು. ಅದನ್ನು ಟರ್ಗಾಟರ ಬರಹದೊಡನೆ ಹೋಲಿಸಿ ನೋಡಿದಾಗಲೇ ಆ ಪುಟ್ಟ ಪುಸ್ತಕ ಯಾರ ಕೈಯಲ್ಲಿತ್ತೆಂದು ಗೊತ್ತಾದದ್ದು.