ಭದ್ರಾವತಿಗೆ ಕಾರ್ಖಾನೆ ಕೊಟ್ಟ ನಾಲ್ವಡಿ: 1930ರಲ್ಲೇ ಸಂತಾನ ನಿಯಂತ್ರಣ ಕ್ಲಿನಿಕ್‌ಗೂ ಆದೇಶ

ಭದ್ರಾವತಿ: ನಾಲ್ವಡಿ ಕೃಷ್ಣರಾಜ ಒಡೆಯರ್ ಅಂದ್ರೆ ನಮ್ಮೂರವರಿಗೆ ಮೊದಲು ನೆನಪಾಗೋದು ಕಬ್ಬಿಣದ ಕಾರ್ಖಾನೆ, ಆಮೇಲೆ ಪೇಪರ್ ಮಿಲ್. ಇದೇ ದೊರೆ ಕಾಲದಲ್ಲಿ ಮೈಸೂರು ಸಂಸ್ಥಾನದ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕ್ಲಿನಿಕ್ ಶುರುವಾದ ಸಂಗತಿ ಹೆಚ್ಚಿನವರಿಗೆ ಗೊತ್ತಿಲ್ಲ.

ನಾಲ್ವಡಿಯವರು ಹುಟ್ಟಿದ್ದು 1884ರ ಜೂನ್ 4ರಂದು. 1894ರ ಡಿಸೆಂಬರ್‌ನಲ್ಲಿ ತಂದೆ ಚಾಮರಾಜೇಂದ್ರ ಒಡೆಯರ್ ಕಲ್ಕತ್ತಾದಲ್ಲಿ ತೀರಿಕೊಂಡಾಗ ಹುಡುಗನಿಗೆ ಹತ್ತೇ ವರ್ಷ. ಮಗ ಪ್ರಾಯಕ್ಕೆ ಬರೋ ತನಕ ರಾಜ್ಯಭಾರ ನಡೆಸಿದ್ದು ತಾಯಿ ವಾಣಿವಿಲಾಸ ಸನ್ನಿಧಾನ. ಹೆಣ್ಣುಮಗಳೊಬ್ಬರು ಆಡಳಿತ ನಡೆಸೋದನ್ನ ಮನೆಯಲ್ಲೇ ನೋಡಿ ಬೆಳೆದ ಅವರು, 1902ರ ಆಗಸ್ಟ್ 8ರಂದು ಅಧಿಕಾರ ವಹಿಸಿಕೊಂಡರು.

1905ರಲ್ಲಿ ಬೆಂಗಳೂರಿಗೆ ವಿದ್ಯುತ್ ಬೀದಿದೀಪ, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಬಂತು. ಬೆಂಕಿಪುರ ಅಂತ ಕರೆಸಿಕೊಳ್ಳುತ್ತಿದ್ದ ನಮ್ಮ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಶುರುಮಾಡಿತು. ಪೇಪರ್ ಮಿಲ್ ಸ್ಥಾಪನೆಯಾಗಿದ್ದು 1936ರಲ್ಲಿ.

ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯಲು ಸರ್ಕಾರ ಆದೇಶ ಹೊರಡಿಸಿದ್ದು 1930ರ ಜೂನ್ 11ರಂದು. ಆಗ ದಿವಾನರಾಗಿದ್ದವರು ಮಿರ್ಜಾ ಇಸ್ಮಾಯಿಲ್. ಆ ಕಾಲಕ್ಕೆ ಇದು ಸಣ್ಣ ಧೈರ್ಯವಲ್ಲ. ಅಮೆರಿಕದಲ್ಲಿ ಮಾರ್ಗರೆಟ್ ಸ್ಯಾಂಗರ್ 1916ರಲ್ಲಿ ತೆರೆದ ಕ್ಲಿನಿಕ್ಕನ್ನು ಪೊಲೀಸರು ಕೆಲವೇ ದಿನಗಳಲ್ಲಿ ಮುಚ್ಚಿಸಿ, ಆಕೆಯನ್ನು ಬಂಧಿಸಿದ್ದರು. ಮುಂಬೈನಲ್ಲಿ ಈ ವಿಷಯ ಪ್ರಚಾರ ಮಾಡಿದ ರಘುನಾಥ ಕರ್ವೆ ಕಾಲೇಜಿನ ಕೆಲಸ ಕಳೆದುಕೊಂಡಿದ್ದರು. ನಾಲ್ವಡಿಯವರನ್ನು ರಾಜರ್ಷಿ ಎಂದು ಹೊಗಳಿದ ಗಾಂಧೀಜಿಯವರೇ ಕೃತಕ ಗರ್ಭನಿರೋಧ ಸಾಧನಗಳನ್ನು ಒಪ್ಪುತ್ತಿರಲಿಲ್ಲ. ಅಲ್ಲೆಲ್ಲ ಖಾಸಗಿಯವರು ಏಟು ತಿಂದು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಸರ್ಕಾರವೇ ಆಸ್ಪತ್ರೆಯ ಕೆಲಸ ಅಂತ ವಹಿಸಿಕೊಂಡಿತು. ಭಾರತ ಸರ್ಕಾರದ ಕುಟುಂಬ ಯೋಜನೆ ಕಾರ್ಯಕ್ರಮ ಬಂದಿದ್ದು 1952ರಲ್ಲಿ.

ಆದರೆ ಕೊರತೆಯೂ ಇತ್ತು. ಕ್ಲಿನಿಕ್‌ಗಳಿದ್ದಿದ್ದು ಕೆಲವೇ ದೊಡ್ಡ ಆಸ್ಪತ್ರೆಗಳಲ್ಲಿ. ಮಲೆನಾಡಿನ ಹಳ್ಳಿ ಹೆಂಗಸು ಮನೆ, ದನ, ಮಕ್ಕಳನ್ನ ಬಿಟ್ಟು ಅಷ್ಟು ದೂರ ಹೋಗೋದು ಸುಲಭದ ಮಾತಲ್ಲ. ಆದೇಶ ಒಂದು ದಿನದಲ್ಲಿ ಆಗುತ್ತೆ, ಸೇವೆ ಮನೆಬಾಗಿಲಿಗೆ ಬರೋಕೆ ವರ್ಷಗಳೇ ಬೇಕು.

ನಾಲ್ವಡಿಯವರಿಗೆ ಸ್ವಂತ ಮಕ್ಕಳಿರಲಿಲ್ಲ. 1940ರ ಆಗಸ್ಟ್ 3ರಂದು ಅವರು ತೀರಿಕೊಂಡ ಮೇಲೆ ತಮ್ಮನ ಮಗ ಜಯಚಾಮರಾಜ ಒಡೆಯರ್ ಪಟ್ಟಕ್ಕೆ ಬಂದರು.

ಇವತ್ತು ದೂರದ ಸಮಸ್ಯೆ ಕಡಿಮೆಯಾಗಿದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಕಾಪರ್-ಟಿ, ಮೂರು ತಿಂಗಳಿಗೊಮ್ಮೆ ಹಾಕಿಸಿಕೊಳ್ಳುವ ಅಂತರಾ ಚುಚ್ಚುಮದ್ದು, ಛಾಯಾ ಮಾತ್ರೆ, ನಿರೋಧ್ ಉಚಿತ. ಗಂಡಸರ ಆಪರೇಷನ್ ಹೆಂಗಸರದಕ್ಕಿಂತ ಸರಳ, ಆದರೂ ಮುಂದೆ ಬರೋ ಗಂಡಸರು ಕಡಿಮೆ. ಈಗ ಉಳಿದಿರೋದು ಗುಣಮಟ್ಟದ ಪ್ರಶ್ನೆ. ಪರದೆ ಇರುವ ಕೋಣೆ, ಅಡ್ಡಪರಿಣಾಮ ಏನು ಅಂತ ಕನ್ನಡದಲ್ಲಿ ಬಿಡಿಸಿ ಹೇಳೋ ನರ್ಸಮ್ಮ, ಬೇಡ ಅಂದ್ರೆ ಬಲವಂತ ಮಾಡದ ಡಾಕ್ಟರು, ತೊಂದರೆಯಾದರೆ ಮತ್ತೆ ಬಂದಾಗ ಗದರದ ಸಿಬ್ಬಂದಿ ಬೇಕು. ಇದನ್ನ ಕೇಳಿ ಪಡೆಯೋದು ನಮ್ಮ ಹಕ್ಕು. ಯಾವ ವಿಧಾನ ತಮಗೆ ಹೊಂದುತ್ತೆ ಅಂತ ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಹೋಗಿ ವಿಚಾರಿಸಿದರೆ ಒಳ್ಳೇದು. ಮೊದಲ ಮಾತಿಗೆ ನಿಮ್ಮ ಬೀದಿಯ ಆಶಾ ಕಾರ್ಯಕರ್ತೆಯನ್ನೇ ಕೇಳಬಹುದು.