ನಾಡಿಗ ಕೃಷ್ಣಮೂರ್ತಿ

ಪ್ರೊ. ನಾಡಿಗ ಕೃಷ್ಣಮೂರ್ತಿ ಅವರು ಪತ್ರಿಕೋದ್ಯಮದ ಅಧ್ಯಾಪಕರು, ಭಾರತೀಯ ಪತ್ರಿಕಾ ಇತಿಹಾಸದ ಲೇಖಕರು ಹಾಗೂ ಮೈಸೂರು ವಿಶ್ವವಿದ್ಯಾನಿಲಯದ ಪತ್ರಿಕೋದ್ಯಮ ವಿಭಾಗದ ಸ್ಥಾಪಕ ಮುಖ್ಯಸ್ಥರು. 1951ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಅವರ ನೇತೃತ್ವದಲ್ಲಿ ಆರಂಭವಾದ ಈ ವಿಭಾಗದಿಂದ ಕನ್ನಡ ನಾಡಿನಲ್ಲಿ ಪತ್ರಿಕೋದ್ಯಮವು ವಿಶ್ವವಿದ್ಯಾನಿಲಯದ ವ್ಯಾಸಂಗದ ವಿಷಯವಾಯಿತು. 1966ರಲ್ಲಿ ಪ್ರಕಟವಾದ ಅವರ ಇಂಗ್ಲಿಷ್ ಗ್ರಂಥ 'ಇಂಡಿಯನ್ ಜರ್ನಲಿಸಂ' ಭಾರತದ ಪತ್ರಿಕೆಗಳ ಚರಿತ್ರೆಯನ್ನು ಕುರಿತ ಪ್ರಮುಖ ಆಕರಗಳಲ್ಲಿ ಒಂದು.

ಹಿನ್ನೆಲೆ

ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಅವರ ಸಂಪಾದಕತ್ವದಲ್ಲಿ ಹೊರಬಂದಿತು. ಅಲ್ಲಿಂದ ಮುಂದಿನ ನೂರು ವರ್ಷಗಳಲ್ಲಿ ಕನ್ನಡ ಪತ್ರಿಕೆಗಳನ್ನು ನಡೆಸಿದವರಲ್ಲಿ ಪಾದ್ರಿಗಳಿದ್ದರು, ಶಾಲಾ ಉಪಾಧ್ಯಾಯರಿದ್ದರು, ಪಂಡಿತರಿದ್ದರು, ಸ್ವಾತಂತ್ರ್ಯ ಹೋರಾಟಗಾರರಿದ್ದರು. ಈ ಕೆಲಸಕ್ಕೆಂದೇ ಕಾಲೇಜಿನಲ್ಲಿ ಓದಿ ಬಂದವರು ಇರಲಿಲ್ಲವೆಂದೇ ಹೇಳಬಹುದು. ಮೈಸೂರಿನಲ್ಲಿ ಹಲವು ಪತ್ರಿಕೆಗಳಿಗೆ ಆಧಾರವಾಗಿದ್ದ 'ತಾತಯ್ಯ' ಎಂ. ವೆಂಕಟಕೃಷ್ಣಯ್ಯ (1844–1933) ಅವರು ವೃತ್ತಿಯಿಂದ ಉಪಾಧ್ಯಾಯರು. 1908ರಲ್ಲಿ ಮೈಸೂರು ಸಂಸ್ಥಾನವು ಪತ್ರಿಕೆಗಳನ್ನು ನಿರ್ಬಂಧಿಸುವ ಶಾಸನವನ್ನು ತಂದಾಗ ಹಲವು ಪತ್ರಿಕೆಗಳು ಪ್ರತಿಭಟಿಸಿ ಪ್ರಕಟಣೆಯನ್ನೇ ನಿಲ್ಲಿಸಿದವು. ಅಂದಿನ ಸಂಪಾದಕರಿಗೆ ಬೇಕಾಗಿದ್ದುದು ನಿಷ್ಠೆ ಮತ್ತು ಧೈರ್ಯ. ಕಸುಬಿನ ಸೂಕ್ಷ್ಮಗಳನ್ನು ಅವರು ಮುದ್ರಣಾಲಯದಲ್ಲಿ, ಮೊಳೆ ಜೋಡಿಸುವವರ ಪಕ್ಕದಲ್ಲಿ ನಿಂತು ಕಲಿತರು.

ಸ್ವಾತಂತ್ರ್ಯಾನಂತರ ಪರಿಸ್ಥಿತಿ ಬದಲಾಯಿತು. 1948ರಲ್ಲಿ ಬೆಂಗಳೂರಿನಿಂದ 'ಡೆಕ್ಕನ್ ಹೆರಾಲ್ಡ್' ಮತ್ತು 'ಪ್ರಜಾವಾಣಿ' ದಿನಪತ್ರಿಕೆಗಳು ಆರಂಭವಾದವು. ದಿನಪತ್ರಿಕೆಗೆ ದಿನವೂ ಸುದ್ದಿ ಬೇಕು. ಇಂಗ್ಲಿಷಿನಲ್ಲಿ ಬರುವ ತಂತಿಸುದ್ದಿಯನ್ನು ರಾತ್ರಿ ಮುಗಿಯುವುದರೊಳಗೆ ಕನ್ನಡಕ್ಕೆ ತಂದು, ತಲೆಬರಹ ಕೊಟ್ಟು, ಪುಟಕ್ಕೆ ಹೊಂದಿಸುವ ಉಪಸಂಪಾದಕರು ಬೇಕು. ಇದು ಚಳವಳಿಯ ಉತ್ಸಾಹದಿಂದ ಮಾತ್ರ ಸಾಗುವ ಕೆಲಸವಲ್ಲ. ಆದರೂ ಪತ್ರಕರ್ತನು ತರಗತಿಯಲ್ಲಿ ಹುಟ್ಟುವುದಿಲ್ಲ, ಸುದ್ದಿಮನೆಯಲ್ಲೇ ತಯಾರಾಗಬೇಕು ಎಂಬ ನಂಬಿಕೆ ಪತ್ರಿಕಾರಂಗದಲ್ಲಿ ಬಲವಾಗಿತ್ತು. ಕೃಷ್ಣಮೂರ್ತಿಯವರ ವೃತ್ತಿಜೀವನದ ಬಹುಭಾಗ ಈ ನಂಬಿಕೆಗೆ ಎದುರಾಗಿಯೇ ನಡೆಯಿತು.

ಅಮೆರಿಕದಲ್ಲಿ ವ್ಯಾಸಂಗ

ಕೃಷ್ಣಮೂರ್ತಿಯವರು ಪತ್ರಿಕೋದ್ಯಮವನ್ನು ಅಭ್ಯಸಿಸಿದ್ದು ಅಮೆರಿಕದ ಮಿಸ್ಸೌರಿ ವಿಶ್ವವಿದ್ಯಾನಿಲಯದಲ್ಲಿ. ವಾಲ್ಟರ್ ವಿಲಿಯಮ್ಸ್ ಅವರು 1908ರಲ್ಲಿ ಕೊಲಂಬಿಯಾ ಪಟ್ಟಣದಲ್ಲಿ ತೆರೆದ ಅಲ್ಲಿನ ಪತ್ರಿಕೋದ್ಯಮ ಶಾಲೆಯು ಪ್ರಪಂಚದಲ್ಲಿ ಈ ಬಗೆಯ ಮೊದಲ ಶಾಲೆ ಎಂದು ಹೆಸರಾಗಿದೆ. ಅಲ್ಲಿನ ಬೋಧನಾಕ್ರಮದ ವಿಶೇಷವೆಂದರೆ, ವಿದ್ಯಾರ್ಥಿಗಳು ತಾಲೀಮಿಗಾಗಿ ಮಾದರಿ ಹಾಳೆಯೊಂದನ್ನು ತಯಾರಿಸಿ ಸುಮ್ಮನಾಗುವುದಿಲ್ಲ. ಊರಿನವರು ಹಣ ಕೊಟ್ಟು ಕೊಳ್ಳುವ ನಿಜವಾದ ದಿನಪತ್ರಿಕೆಗೆ ಅಧ್ಯಾಪಕ-ಸಂಪಾದಕರ ಕೈಕೆಳಗೆ ಕೆಲಸ ಮಾಡುತ್ತಾರೆ. ವರದಿಗಾರಿಕೆ ಮತ್ತು ಸಂಪಾದನೆಯ ಜೊತೆಗೆ ಜಾಹೀರಾತು ವಿಷಯವನ್ನೂ ಆ ಶಾಲೆ ಬಹು ಮೊದಲೇ ಬೋಧಿಸತೊಡಗಿತ್ತು. ಇಂದು ಅನೇಕ ವಿಶ್ವವಿದ್ಯಾನಿಲಯಗಳಲ್ಲಿ ಪತ್ರಿಕೋದ್ಯಮದ ಜೊತೆಯಲ್ಲೇ ಕಲಿಸಲಾಗುವ 'ಕಾರ್ಯತಂತ್ರ ಸಂವಹನ'ದ ಬೇರು ಇಲ್ಲಿದೆ.

1942ರಿಂದ 1951ರವರೆಗೆ ಶಾಲೆಯ ಡೀನ್ ಆಗಿದ್ದ ಫ್ರಾಂಕ್ ಲೂಥರ್ ಮಾಟ್ ಅವರು ಅಮೆರಿಕದ ನಿಯತಕಾಲಿಕೆಗಳ ಚರಿತ್ರೆಗಾಗಿ ಪುಲಿಟ್ಜರ್ ಪ್ರಶಸ್ತಿ ಪಡೆದವರು. 1941ರಲ್ಲಿ ಪ್ರಕಟವಾದ ಅವರ 'ಅಮೆರಿಕನ್ ಜರ್ನಲಿಸಂ' ಗ್ರಂಥದ ಹೆಸರಿಗೂ ಕೃಷ್ಣಮೂರ್ತಿಯವರ ಗ್ರಂಥದ ಹೆಸರಿಗೂ ಇರುವ ಹೋಲಿಕೆ ಗಮನಾರ್ಹ.

ಮಹಾರಾಜ ಕಾಲೇಜಿನ ವಿಭಾಗ

ಭಾರತದಲ್ಲಿ ಪತ್ರಿಕೋದ್ಯಮ ಶಿಕ್ಷಣದ ಮೊದಲ ಪ್ರಯತ್ನಗಳು ಅಲ್ಪಾಯುಷಿಗಳಾಗಿದ್ದವು. ಆನಿ ಬೆಸೆಂಟ್ ಅವರು 1920ರಲ್ಲಿ ಅಡ್ಯಾರಿನಲ್ಲಿ ಆರಂಭಿಸಿದ ತರಗತಿಯಾಗಲಿ, 1938ರಲ್ಲಿ ಅಲೀಗಢದಲ್ಲಿ ತೊಡಗಿದ ಕೋರ್ಸಾಗಲಿ ಹೆಚ್ಚು ಕಾಲ ಬಾಳಲಿಲ್ಲ. 1941ರಲ್ಲಿ ಲಾಹೋರಿನ ಪಂಜಾಬ್ ವಿಶ್ವವಿದ್ಯಾನಿಲಯದಲ್ಲಿ ಪೃಥ್ವಿಪಾಲ್ ಸಿಂಗ್ ಅವರು ಕಟ್ಟಿದ ವಿಭಾಗ ಗಟ್ಟಿಯಾಗಿ ನಿಂತಿತು. ದೇಶವಿಭಜನೆಯ ಬಳಿಕ ಅದು ದೆಹಲಿಗೆ ಸ್ಥಳಾಂತರಗೊಂಡಿತು. ಸಿಂಗ್ ಅವರೂ ಮಿಸ್ಸೌರಿಯಲ್ಲಿ ಓದಿದವರೇ. ಮದರಾಸು ಮತ್ತು ಕಲ್ಕತ್ತಗಳ ನಂತರ, 1951ರಲ್ಲಿ ಮೈಸೂರಿನ ಸರದಿ ಬಂದಿತು.

ಮೈಸೂರಿನ ಕ್ರಮದಲ್ಲಿ ಒಂದು ವ್ಯತ್ಯಾಸವಿತ್ತು. ಇತರೆಡೆ ಪತ್ರಿಕೋದ್ಯಮವು ಸಾಮಾನ್ಯವಾಗಿ ಪದವಿಯ ನಂತರದ ಡಿಪ್ಲೊಮಾ ಆಗಿದ್ದರೆ, ಮಹಾರಾಜ ಕಾಲೇಜಿನಲ್ಲಿ ಅದು ಬಿ.ಎ. ಪದವಿಯ ಐಚ್ಛಿಕ ವಿಷಯವಾಯಿತು. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳ ಸಾಲಿನಲ್ಲಿ ಪತ್ರಿಕೋದ್ಯಮಕ್ಕೂ ಒಂದು ಪೀಠ ದೊರೆತಂತಾಯಿತು. ಮೇಲ್ನೋಟಕ್ಕೆ ಇದು ಪಠ್ಯಕ್ರಮದ ಸಣ್ಣ ವಿವರ. ಆದರೆ ಇದರ ಪರಿಣಾಮ ದೊಡ್ಡದು: ಪದವಿಯ ಮೇಲೆ ಮತ್ತೊಂದು ವರ್ಷ ದೂರದ ನಗರದಲ್ಲಿದ್ದು ಓದುವ ಅನುಕೂಲವಿಲ್ಲದವರಿಗೂ ಈ ವಿದ್ಯೆ ಎಟುಕಿತು. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳೂ ಸೇರಿದಂತೆ ಮಂಡ್ಯ ಜಿಲ್ಲೆಯ ತಾಲ್ಲೂಕುಗಳು ದಶಕಗಳ ಕಾಲ ಮೈಸೂರು ವಿಶ್ವವಿದ್ಯಾನಿಲಯದ ವ್ಯಾಪ್ತಿಯಲ್ಲಿದ್ದವು. ಕೃಷ್ಣರಾಜಸಾಗರದ ನಾಲೆಗಳು ಹರಿದ ಈ ಸೀಮೆಯ ರೈತ ಕುಟುಂಬಗಳ ಮಕ್ಕಳಿಗೆ ಮೈಸೂರು ಹತ್ತಿರದ ವಿದ್ಯಾಕೇಂದ್ರ.

ವೃತ್ತಿಶಿಕ್ಷಣವು ಕಲಾ ಪದವಿಯ ಒಳಗೆ ಸೇರಿದ್ದರಿಂದ ತೊಡಕುಗಳೂ ಉಂಟಾದವು. ವಾರಕ್ಕೆ ಕೆಲವೇ ಗಂಟೆಗಳ ಐಚ್ಛಿಕ ವಿಷಯದಲ್ಲಿ ಮಿಸ್ಸೌರಿಯ ಮಾದರಿಯಂತೆ ದಿನಪತ್ರಿಕೆಯನ್ನು ನಡೆಸುವುದು ಸಾಧ್ಯವಿರಲಿಲ್ಲ. ಪಠ್ಯಪುಸ್ತಕಗಳು ಬಹುಪಾಲು ಇಂಗ್ಲಿಷಿನವು, ಅವುಗಳಲ್ಲಿನ ಉದಾಹರಣೆಗಳು ಅಮೆರಿಕ ಇಲ್ಲವೆ ಇಂಗ್ಲೆಂಡಿನವು. ಭಾರತದ, ಅದರಲ್ಲೂ ದೇಶಭಾಷೆಗಳ ಪತ್ರಿಕೆಗಳನ್ನು ಕುರಿತು ವಿದ್ಯಾರ್ಥಿಯ ಕೈಗೆ ಕೊಡಬಹುದಾದ ಗ್ರಂಥಗಳು ವಿರಳವಾಗಿದ್ದವು. ಕೃಷ್ಣಮೂರ್ತಿಯವರ ಬರವಣಿಗೆಯನ್ನು ಈ ಕೊರತೆಯ ಹಿನ್ನೆಲೆಯಲ್ಲಿ ನೋಡಬೇಕು.

ಗ್ರಂಥಗಳು

'ಇಂಡಿಯನ್ ಜರ್ನಲಿಸಂ' ಗ್ರಂಥವನ್ನು ಮೈಸೂರು ವಿಶ್ವವಿದ್ಯಾನಿಲಯದ ಪ್ರಸಾರಾಂಗವು 1966ರಲ್ಲಿ ಪ್ರಕಟಿಸಿತು. ಅಶೋಕನಿಂದ ನೆಹರೂವರೆಗಿನ ಭಾರತೀಯ ಪತ್ರಿಕೋದ್ಯಮದ ಉಗಮ, ಬೆಳವಣಿಗೆ ಮತ್ತು ವಿಕಾಸ ಎಂಬುದು ಅದರ ಉಪಶೀರ್ಷಿಕೆಯ ಆಶಯ. ಭಾರತೀಯ ಪತ್ರಿಕೆಗಳ ಚರಿತ್ರೆಯನ್ನು 1780ರಲ್ಲಿ ಕಲ್ಕತ್ತದಿಂದ ಹೊರಟ ಹಿಕ್ಕಿಯ 'ಬೆಂಗಾಲ್ ಗೆಜೆಟ್'ನಿಂದ ಆರಂಭಿಸುವುದು ವಾಡಿಕೆ. ಕೃಷ್ಣಮೂರ್ತಿಯವರು ಎರಡು ಸಾವಿರ ವರ್ಷಗಳಷ್ಟು ಹಿಂದಕ್ಕೆ ಹೋಗಿ ಅಶೋಕನಿಂದ ತೊಡಗಿದರು.

ಈ ನಿಲುವು ಚರ್ಚಾಸ್ಪದ. ಶಾಸನವು ಅರಸನ ಮಾತನ್ನು ಪ್ರಜೆಗೆ ತಲಪಿಸುತ್ತದೆ. ಪ್ರಜೆಯ ಮಾತನ್ನು ಅರಸನಿಗೆ ಒಯ್ಯುವುದಿಲ್ಲ, ಅರಸನನ್ನು ಪ್ರಶ್ನಿಸುವುದಂತೂ ಇಲ್ಲ. ಆದ್ದರಿಂದ ಅಶೋಕನ ಶಿಲಾಲೇಖಗಳನ್ನು ಪತ್ರಿಕೆಯ ಪೂರ್ವರೂಪವೆನ್ನುವುದಕ್ಕಿಂತ ಸರ್ಕಾರಿ ಪ್ರಚಾರದ ಪೂರ್ವರೂಪವೆನ್ನುವುದು ಹೆಚ್ಚು ಸಮಂಜಸವಾದೀತು. ಹೀಗಿದ್ದರೂ, ಸುದ್ದಿಯನ್ನು ಬರೆದು ಹರಡುವ ವ್ಯವಸ್ಥೆಗೆ ಈ ನೆಲದಲ್ಲೇ ದೀರ್ಘ ಇತಿಹಾಸವಿದೆಯೆಂದು ತೋರಿಸಿದ್ದರಿಂದ ವಿಷಯಕ್ಕೆ ವಿಶ್ವವಿದ್ಯಾನಿಲಯದಲ್ಲಿ ಗೌರವದ ಸ್ಥಾನ ದೊರೆಯಲು ನೆರವಾಯಿತು.

ಕನ್ನಡ ಓದುಗರಿಗಾಗಿ ಅವರು ಇದೇ ವಿಷಯದ ಮೇಲೆ 'ಭಾರತೀಯ ಪತ್ರಿಕೋದ್ಯಮ' ಎಂಬ ಗ್ರಂಥವನ್ನು ರಚಿಸಿದರು. ಕನ್ನಡದಲ್ಲಿ ಪತ್ರಿಕಾವೃತ್ತಿಯನ್ನು ಕುರಿತು ಡಿ.ವಿ. ಗುಂಡಪ್ಪನವರ 'ವೃತ್ತಪತ್ರಿಕೆ' ಮೊದಲೇ ಇತ್ತು. ಅದು ಸಂಪಾದಕನೊಬ್ಬನ ಅನುಭವ ಮತ್ತು ಚಿಂತನೆಯ ಕೃತಿ. ಕೃಷ್ಣಮೂರ್ತಿಯವರದು ಅಧ್ಯಾಪಕನ ಕೃತಿ.

ನಂತರದ ಬೆಳವಣಿಗೆ

1970ರ ದಶಕದ ಆರಂಭದಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಮಾನಸಗಂಗೋತ್ರಿಯಲ್ಲಿ ಪತ್ರಿಕೋದ್ಯಮದ ಸ್ನಾತಕೋತ್ತರ ಶಿಕ್ಷಣವನ್ನು ಆರಂಭಿಸಿತು. ಅದೇ ದಶಕದಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದಲ್ಲಿಯೂ ಸಂವಹನ ವಿಭಾಗ ತಲೆಯೆತ್ತಿತು. ಮುಂದೆ ಆಕಾಶವಾಣಿ, ದೂರದರ್ಶನ, ಜಾಹೀರಾತು ಮತ್ತು ಸಾರ್ವಜನಿಕ ಸಂಪರ್ಕಗಳು ಪಠ್ಯಕ್ರಮದಲ್ಲಿ ಹೆಚ್ಚು ಸ್ಥಳ ಪಡೆದಂತೆ, ಕೃಷ್ಣಮೂರ್ತಿಯವರು 'ಪತ್ರಿಕೋದ್ಯಮ' ಎಂಬ ಒಂದೇ ಹೆಸರಿನಲ್ಲಿ ತೊಡಗಿಸಿದ ವಿಭಾಗವು ಪತ್ರಿಕೋದ್ಯಮ ಮತ್ತು ಸಮೂಹ ಸಂವಹನ ಅಧ್ಯಯನ ವಿಭಾಗವಾಗಿ ವಿಸ್ತರಿಸಿತು.