ಮಿಡ್ಜ್ಲಿಯ ಗ್ಯಾಸು

ಕಾರಿನ ಎಸಿ ತಂಪು ಕೊಡ್ತಿಲ್ಲ ಅಂತ ಗ್ಯಾರೇಜಿಗೆ ಹೋದರೆ ಸಾಮಾನ್ಯವಾಗಿ ಸಿಗುವ ಉತ್ತರ, ಗ್ಯಾಸ್ ಖಾಲಿ, ತುಂಬಿಸ್ಬೇಕು ಅನ್ನೋದು. ಥರ್ಮೋಡೈನಮಿಕ್ಸ್ ಓದಿರೋ ನಮಗೆ ಇದು ಕಿರಿಕಿರಿ. ಎಸಿ ಗ್ಯಾಸು ಪೆಟ್ರೋಲಿನಂತೆ ಉರಿದು ಮುಗಿಯಲ್ಲ. ಕಂಪ್ರೆಸರ್‌ನಿಂದ ಕಂಡೆನ್ಸರ್, ಅಲ್ಲಿಂದ ಇವಾಪೊರೇಟರ್ ಅಂತ ಅದೇ ಗ್ಯಾಸು ಸುತ್ತುತ್ತಿರುತ್ತೆ. ಕಂಡೆನ್ಸರ್ ಫ್ಯಾನು, ಕಂಪ್ರೆಸರ್ ಕ್ಲಚ್ಚು ಸರಿಯಿದ್ದು ಗ್ಯಾಸ್ ಮಾತ್ರ ಕಡಿಮೆ ಅಂದ್ರೆ ಎಲ್ಲೋ ಸೋರಿದೆ. ಸೋರಿಕೆ ಹುಡುಕದೆ ಬರೀ ತುಂಬಿಸುವ ಈ ಚಾಳಿಯ ಬೇರು ಕೆದಕಿದರೆ ಥಾಮಸ್ ಮಿಡ್ಜ್ಲಿ ಸಿಗುತ್ತಾನೆ.

1889ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಹುಟ್ಟಿದ ಈತ 1911ರಲ್ಲಿ ಕಾರ್ನೆಲ್‌ನಿಂದ ಮೆಕ್ಯಾನಿಕಲ್ ಡಿಗ್ರಿ ಪಡೆದ. ಹೆಸರು ಮಾಡಿದ್ದು ಮಾತ್ರ ಕೆಮಿಸ್ಟ್ರಿಯಲ್ಲಿ. (ಮೆಕ್ಯಾನಿಕಲ್‌ನವರು ಹಿಗ್ಗಬಹುದು, ಸ್ವಲ್ಪ ತಡೆದು.) 1921ರಲ್ಲಿ ಇಂಜಿನ್ ನಾಕಿಂಗ್ ನಿಲ್ಲಿಸಲು ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸಿ ಗೆದ್ದ. ಆ ಸೀಸ ಅದನ್ನು ತಯಾರಿಸುತ್ತಿದ್ದ ಕೆಲಸಗಾರರನ್ನು ಕೊಂದಿತು, ಇವನ ಮೈಗೂ ಏರಿತ್ತು. ಅಷ್ಟಾದರೂ 1924ರಲ್ಲಿ ಪತ್ರಕರ್ತರ ಮುಂದೆ ಅದನ್ನು ಕೈಗೆ ಸುರಿದುಕೊಂಡು ಏನೂ ಆಗಲ್ಲ ಅಂತ ತೋರಿಸಿದ. ಇದನ್ನು ಕ್ಷಮಿಸೋದು ನಮಗೆ ಕಷ್ಟ.

ಫ್ರಿಜ್ಜಿನ ಕಥೆ ಹಾಗಲ್ಲ. ಆ ಕಾಲದ ಫ್ರಿಜ್ಜಲ್ಲಿ ಇದ್ದದ್ದು ಅಮೋನಿಯಾ, ಸಲ್ಫರ್ ಡೈಆಕ್ಸೈಡ್, ಮೀಥೈಲ್ ಕ್ಲೋರೈಡ್. ಸೋರಿದರೆ ಜೀವಕ್ಕೇ ಅಪಾಯ. ಹಾಗಾಗಿ ಸೋರಿಕೆಯನ್ನು ಯಾರೂ ಹಗುರವಾಗಿ ತಗೊಳ್ತಿರಲಿಲ್ಲ. 1928ರಲ್ಲಿ ಬಾಸ್ ಚಾರ್ಲ್ಸ್ ಕೆಟರಿಂಗ್ ಹೇಳಿದಂತೆ ಮಿಡ್ಜ್ಲಿ ಮತ್ತು ಸಂಗಡಿಗರು ಪೀರಿಯಾಡಿಕ್ ಟೇಬಲ್ ಮುಂದಿಟ್ಟುಕೊಂಡು ಕೂತರು. ಹೊರಬಂದದ್ದು ಆರ್-12, ಅಂದರೆ ಫ್ರಿಯಾನ್. 1930ರಲ್ಲಿ ರಸಾಯನಶಾಸ್ತ್ರಜ್ಞರ ಸಭೆಯಲ್ಲಿ ಮಿಡ್ಜ್ಲಿ ಆ ಗ್ಯಾಸನ್ನು ಎದೆ ತುಂಬ ಎಳೆದುಕೊಂಡು ಉರಿವ ಮೇಣದಬತ್ತಿಯ ಮೇಲೆ ಊದಿದ. ಬತ್ತಿ ಆರಿತು. ವಿಷವೂ ಅಲ್ಲ, ಬೆಂಕಿಯೂ ಹತ್ತಲ್ಲ! ಈ ಸಲ ತೋರಿಸಿದ್ದು ನಿಜವೇ ಆಗಿತ್ತು.

1939ರಲ್ಲಿ ಪ್ಯಾಕರ್ಡ್ ಕಂಪನಿ ಕಾರಿಗೆ ಎಸಿ ಕೂರಿಸಿತು. ಅದರ ಕಂಪ್ರೆಸರಿಗೆ ಕ್ಲಚ್ಚೇ ಇರಲಿಲ್ಲ. ಎಸಿ ಬೇಡ ಅಂದ್ರೆ ಗಾಡಿ ನಿಲ್ಲಿಸಿ ಬಾನೆಟ್ ಎತ್ತಿ ಬೆಲ್ಟ್ ಬಿಚ್ಚಬೇಕಿತ್ತು. ಕಾರಿನ ಎಸಿ ಮನೆಮಾತಾಗುವುದನ್ನು ಮಿಡ್ಜ್ಲಿ ನೋಡಲಿಲ್ಲ. 1940ರಲ್ಲಿ ಪೋಲಿಯೋ ಬಂದು ಕಾಲು ಬಿದ್ದುಹೋಯಿತು. ಹಾಸಿಗೆಯಿಂದ ಏಳಲು ಹಗ್ಗ, ರಾಟೆಗಳ ಯಂತ್ರವೊಂದನ್ನು ತಾನೇ ಮಾಡಿಕೊಂಡ. 1944ರ ನವೆಂಬರಿನಲ್ಲಿ ಅದೇ ಹಗ್ಗ ಕುತ್ತಿಗೆಗೆ ಸುತ್ತಿಕೊಂಡು ಸತ್ತ. ಆಗ ವಯಸ್ಸು 55.

ಗ್ಯಾಸು ಉಳಿಯಿತು. ಕಾರಲ್ಲಿ ಇಂಜಿನ್ನಿನ ಅದುರಾಟ, ರಬ್ಬರ್ ಹೋಸ್, ಶಾಫ್ಟ್ ಸೀಲ್, ಎಲ್ಲಾ ಕಡೆ ಅದು ಮೆಲ್ಲಗೆ ಸೋರುತ್ತಿತ್ತು. ಒಳಗೆ ಕೂತವರಿಗೆ ವಾಸನೆಯಿಲ್ಲ, ತೊಂದರೆಯಿಲ್ಲ. ಮತ್ತೆ ತುಂಬಿಸಿದರಾಯ್ತು. ಸೋರಿದ್ದು ಮೇಲೇರಿ ಓಝೋನ್ ಪದರ ತಿನ್ನುತ್ತದೆ ಎಂದು ಮೊಲಿನಾ ಮತ್ತು ರೋಲೆಂಡ್ ತೋರಿಸಿದ್ದು 1974ರಲ್ಲಿ. 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಕಾರುಗಳಿಗೆ ಆರ್-134ಎ ಬಂತು. ಅದು ಓಝೋನ್ ತಿನ್ನಲ್ಲ, ಆದರೆ ಸೋರಿದ ಒಂದು ಕಿಲೋ, ಸಾವಿರ ಕಿಲೋಗೂ ಹೆಚ್ಚು ಇಂಗಾಲದ ಡೈಆಕ್ಸೈಡಿನಷ್ಟು ಭೂಮಿಯನ್ನು ಬಿಸಿ ಮಾಡುತ್ತದೆ. ಅದಕ್ಕೂ ವಾಸನೆಯಿಲ್ಲ. ಎಲ್ಲಿ ಸೋರುತ್ತಿದೆ ಅಂತ ನೋಡಲು ಸಿಸ್ಟಮಿಗೆ ಡೈ ಹಾಕಿ ಯುವಿ ಲೈಟ್ ಹಿಡೀಬೇಕು.